ಪಡುವಣಕ್ಕೆ ಹೊರಳುವ ಸಾಲುಗಳು

ಮಡ್ಡಿಹಾಳ
ಸಾಲು ಹೂಡಿದ ತೊಂಬತ್ತೆರಡನೆಯ ವರ್ಷ, ಮಾಘ ಬಹುಳ ತದಿಗೆ
ನಿಮ್ಮ ಕ್ಯಾಲೆಂಡರಿನಂತೆ ೨೧೨೪ನೇ ಇಸವಿ

ಊರ ಪಕ್ಕದ ದಿಣ್ಣೆ, ನಮ್ಮ ಮಡ್ಡಿಯ ಮೇಲೆ ಸೋಲಾರಿನ ಮೊದಲ ಕಂಬ ನೆಡುವ ವಿಚಾರಕ್ಕೆ ಸಭೆ ಕೂತಿರುವ ಊರ ಹಿರಿಯರಿಗೆ, ಫಕೀರವ್ವ ಬೇವಿನಗಿಡದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿರಿ. ನೀವು ನೆಟ್ಟ ಕಂಬಗಳ ನಡುವೆಯೇ ಹುಟ್ಟಿ ಬೆಳೆದವಳು ನಾನು. ನನ್ನ ಓದು ಹತ್ತನೇ ಇಯತ್ತೆಯವರೆಗೆ, ಆದರೆ ಈ ಊರಿನ ಸಾಲುಸಭೆಯನ್ನು, ಎಂದರೆ ಕಂಬಗಳ ಸಾಲು ಹಂಚಿಕೊಂಡ ಮನೆಗಳ ಸಭೆಯನ್ನು, ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಬರೆಯುವಾಗ ನಮ್ಮ ಕಾಲದ ಕೆಲವು ಮಾತುಗಳು ಬರುತ್ತವೆ. ಅವು ನಿಮ್ಮ ಕಿವಿಗೆ ಹೊಸವು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಸೈರಿಸಿಕೊಳ್ಳಿರಿ.

ಇಂಥ ಕಾಗದ ಬರೆಯುವುದು ನಮ್ಮಲ್ಲಿ ಒಂದು ಪದ್ಧತಿ. ಇದಕ್ಕೆ ಹಳಬರ ಓಲೆ ಎನ್ನುತ್ತೇವೆ. ಹಿಂದಿನವರು ಕೂತು ಮಾಡಿದ ಯೋಜನೆಯನ್ನು ಬದಲಿಸುವ ಮೊದಲು, ಅದನ್ನು ಮಾಡಿದವರಿಗೆ ಕಾರಣ ತಿಳಿಸಿ ಒಂದು ಓಲೆ ಬರೆಯಬೇಕು, ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಬೇಕು. ಓದುವ ತನಕ ಯಾರೂ ಮಡ್ಡಿಗೆ ಗುದ್ದಲಿ ಒಯ್ಯುವಂತಿಲ್ಲ. ಸತ್ತವರಿಗೆ ಕಾಗದ ಬರೆಯುವ ಊರು ಎಂದು ಸುತ್ತಿನವರು ನಗುತ್ತಾರೆ. ನಗಲಿ. ಸಿಟ್ಟಿನಲ್ಲಿ ಕೆಡವಿದ್ದನ್ನು ಮತ್ತೆ ಕಟ್ಟುವ ಕೆಲಸ ನಮ್ಮೂರಿಗೆ ಈವರೆಗೆ ಬಂದಿಲ್ಲ.

ಮೊದಲು ನೀವು ಮಾಡಿದ ಒಳ್ಳೆಯದನ್ನು ಹೇಳುತ್ತೇನೆ. ಮಡ್ಡಿಯ ನೆಲವನ್ನು ನೀವು ಮಾರಲಿಲ್ಲ. ಕಂಪನಿಗೆ ಬಿಸಿಲು ಹಿಡಿಯುವ ಹಕ್ಕನ್ನಷ್ಟೇ ಕೊಟ್ಟಿರಿ. ಹುಲ್ಲು, ನೆರಳು, ಮಳೆನೀರು, ದಾರಿ ಎಲ್ಲ ಊರಿನದೇ ಎಂದು ಬರೆಸಿದಿರಿ. ಹುಟ್ಟಿದ ಕರೆಂಟಿನಲ್ಲಿ ಮೊದಲ ಪಾಲು ಊರಿಗೆ, ಮಿಕ್ಕಿದ್ದು ಹೊರಗೆ ಎಂದು ಹಟ ಹಿಡಿದಿರಿ. ಪಕ್ಕದ ಕಡ್ಲಿಕೊಪ್ಪದವರು ಒಂದೇ ಸಲಕ್ಕೆ ಕೈತುಂಬ ದುಡ್ಡು ಬಂದಿತೆಂದು ನೆಲವನ್ನೇ ಕೊಟ್ಟರು. ಇವತ್ತಿಗೂ ಆ ಊರಿನ ಕುರಿಗಳು ತಂತಿಬೇಲಿಯ ಹೊರಗೆ ನಿಂತು ಒಳಗಿನ ಹುಲ್ಲು ನೋಡುತ್ತವೆ. ನಮ್ಮ ಕುರಿಗಳು ಹಲಗೆಯ ಕೆಳಗೆ ಮಲಗುತ್ತವೆ. ನೀವು ಸೋಲಾರ್ ಪ್ಲೇಟು ಎನ್ನುವುದನ್ನೇ ನಾವು ಹಲಗೆ ಎನ್ನುವುದು. ಹಲಗೆಗಳನ್ನು ಆಳೆತ್ತರಕ್ಕೆ ನಿಲ್ಲಿಸಿದವರೂ ನೀವೇ. ಅದರಿಂದ ಕೆಳಗೆ ಮಂದೆ ತರುಬಿ ನಿಲ್ಲಿಸಲು ಬರುತ್ತದೆ, ಗೊಬ್ಬರ ಬೀಳುತ್ತದೆ, ಹಲಗೆ ತೊಳೆದ ನೀರು ಕಾಲುವೆಯಲ್ಲಿ ಹರಿದು ಬದನೆ ಮೆಣಸಿನ ಮಡಿಗೆ ಸೇರುತ್ತದೆ.

ಪ್ರತಿ ಮನೆಗೆ ಒಂದು ಸಾಲು ಹಂಚಿ, ಅದನ್ನು ಆ ಮನೆಯ ಹೆಣ್ಣುಮಗಳ ಹೆಸರಿಗೆ ಬರೆದಿರಿ. ಅದೇ ಸಾಲುಪಾಲು. ಗಂಡಸರು ಅದನ್ನು ಒತ್ತೆ ಇಡಲು ಬರುವುದಿಲ್ಲ. ಮೊದಮೊದಲು ಬಹಳ ಗೊಣಗಿದರಂತೆ. ಆದರೆ ಊರಿನ ದವಾಖಾನೆ, ಕಾಯಿಪಲ್ಲೆ ಕೆಡದಂತೆ ಇಡುವ ತಂಪುಮನೆ, ಹೈಸ್ಕೂಲು, ಹತ್ತಾರು ಹುಡುಗಿಯರು ಕೆಲಸ ಮಾಡುವ ಹಲಗೆ ರಿಪೇರಿಯ ಶೆಡ್ಡು, ಎಲ್ಲ ಎದ್ದು ನಿಂತದ್ದು ಆ ಪಾಲಿನಿಂದಲೇ. ನಮ್ಮೂರಿನ ಹುಡುಗಿಯರು ರಿಪೇರಿಗೆ ಬಂದಿದ್ದಾರೆಂದರೆ ಜಿಲ್ಲೆಯಲ್ಲಿ ಯಾರೂ ಎರಡನೆಯ ಮಾತಾಡುವುದಿಲ್ಲ.

ಇನ್ನು ನೀವು ಮಾಡಿದ ತಪ್ಪು. ಇದನ್ನು ಮುಚ್ಚಿಟ್ಟು ಹೇಳುವ ಸ್ವಭಾವ ನನ್ನದಲ್ಲ.

ಹಲಗೆಗಳು ತೆಂಕಣಕ್ಕೆ ಮುಖ ಮಾಡಿದರೆ ದಿನವಿಡೀ ಹೆಚ್ಚು ಬಿಸಿಲು ಸಿಗುತ್ತದೆ ಎಂದು ಎಂಜಿನಿಯರು ನಕ್ಷೆ ತಂದಿದ್ದರು. ನನ್ನ ಮುತ್ತಜ್ಜಿ ಕರಿಯವ್ವ ಆ ಸಭೆಯಲ್ಲಿ ಎದ್ದು ನಿಂತಳು. ಆಕೆ ಆಡಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. “ಈ ಊರಾಗ ಯಾರ್ ಮನಿ ಬಾಗಲಾ ತೆಂಕ ಮಾರಿ ಐತಿ ತೋರಸ್ರಿ. ಯಮನ ದಿಕ್ಕಿಗೆ ಮಾರಿ ಮಾಡಿ ಇಡೀ ಮಡ್ಡಿ ನಿಂದರಸ್ತೀರೇನು?” ಎಂದಳು. ಎಂಜಿನಿಯರು ನಕ್ಕು, “ಅವ್ವಾರ, ಪ್ಲೇಟಿಗೆ ಎಲ್ಲಿ ಯಮ?” ಎಂದರಂತೆ. “ಪ್ಲೇಟಿಗಿಲ್ಲೋ ತಮ್ಮಾ, ಅದರ ಬುಡಕ್ಕ ಕುಂದರೂ ನಮಗ ಅದಾನಲ್ಲ” ಎಂದಳು ಕರಿಯವ್ವ. ಸಭೆಯೆಲ್ಲ ಹೌದೆಂದಿತು. ಎಲ್ಲ ಸಾಲುಗಳೂ ಮೂಡಣಕ್ಕೆ ಮುಖ ಮಾಡಿದವು. ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಶಿಲಾಶಾಸನದ ಮಾತಿನಂತೆ, ಈ ಮುಖವು ಆಚಂದ್ರಾರ್ಕ, ಎಂದರೆ ಸೂರ್ಯಚಂದ್ರರು ಇರುವವರೆಗೆ ಬದಲಾಗಕೂಡದು, ಬದಲಿಸಬೇಕಾದರೆ ಸಾಲಿನ ಯಜಮಾನಿಯರೆಲ್ಲರೂ ಒಪ್ಪಬೇಕು ಎಂದು ಕರಾರಿನಲ್ಲಿ ಬರೆಸಿದಿರಿ. ಕಂಬದ ಬುಡಕ್ಕೆ ಎದೆಮಟ್ಟ ತೋಡಿ ಕಾಂಕ್ರೀಟು ಸುರಿದಿರಿ. ಹಲಗೆಗಳನ್ನು ಮೂರು ಸಲ ಬದಲಿಸಿದ್ದೇವೆ. ಕಂಬಗಳು ಮಾತ್ರ ನೀವು ನಿಲ್ಲಿಸಿದ ಹಾಗೇ ಮೂಡಣ ನೋಡುತ್ತಾ ನಿಂತಿವೆ.

ಆ ತಪ್ಪಿನ ಮೇಲೆಯೇ ನಾವು ಬದುಕು ಕಟ್ಟಿಕೊಂಡೆವು. ಹೊತ್ತು ಹುಟ್ಟುತ್ತಲೇ ನಮ್ಮ ಮಡ್ಡಿಯಲ್ಲಿ ಕರೆಂಟು ಉಕ್ಕುತ್ತದೆ, ಬೇರೆ ಊರುಗಳು ಇನ್ನೂ ಕಣ್ಣುಜ್ಜುತ್ತಿರುತ್ತವೆ. ಗಾಣ, ಗಿರಣಿ, ಮಗ್ಗ, ನೀರಿನ ಪಂಪು ಎಲ್ಲ ಮುಂಜಾನೆಯೇ ತಿರುಗುತ್ತವೆ. ದಿನದ ರೊಟ್ಟಿಯನ್ನೆಲ್ಲ ಬೆಳಿಗ್ಗೆಯೇ ಬಡಿದು ಮುಗಿಸುತ್ತೇವೆ. ಶಾಲೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಹೊತ್ತು ನೆತ್ತಿ ದಾಟಿ ಪಡುವಣಕ್ಕೆ ವಾಲಿತೆಂದರೆ ಹಲಗೆಗಳು ಅದಕ್ಕೆ ಬೆನ್ನು ಮಾಡುತ್ತವೆ, ಊರು ಬಾಗಿಲು ಮುಂದಕ್ಕೆಳೆದುಕೊಂಡು ಮಲಗುತ್ತದೆ. ಮಡ್ಡಿಹಾಳದವರನ್ನು ಮಧ್ಯಾಹ್ನ ಎಬ್ಬಿಸಬಾರದು ಎಂಬುದು ನೆಂಟರಿಗೆಲ್ಲ ಗೊತ್ತು. ಬೇಕಾದ ಮಧ್ಯಾಹ್ನದ ಕರೆಂಟನ್ನು ತಾಲ್ಲೂಕಿನ ಲೈನಿನಿಂದ ತರಿಸಿಕೊಳ್ಳುತ್ತಿದ್ದೆವು. ಬ್ಯಾಟರಿ ಕೋಣೆಯಲ್ಲಿ ಕೂಡಿಟ್ಟದ್ದು ರಾತ್ರಿಗೆ, ದವಾಖಾನೆಯ ಬಾಣಂತಿ ಕೋಣೆಗೆ. ಅದನ್ನು ಮಧ್ಯಾಹ್ನವೇ ಖರ್ಚು ಮಾಡಿದರೆ ರಾತ್ರಿ ಊರು ಕತ್ತಲು.

ಆದರೆ ನಿಮ್ಮ ಬಿಸಿಲು ನಮ್ಮ ಬಿಸಿಲಲ್ಲ. ಚೈತ್ರ ವೈಶಾಖದಲ್ಲಿ ಮಧ್ಯಾಹ್ನದ ಮೇಲೆ ಮುದುಕರೂ ಕೂಸುಗಳೂ ಮನೆಯಲ್ಲಿ ಇರುವಂತಿಲ್ಲ. ಅದಕ್ಕೆಂದೇ ಊರ ನಡುವೆ ತಂಪುಜಗಲಿ ಕಟ್ಟಿದ್ದೇವೆ. ಅದು ದಪ್ಪ ಗೋಡೆಯ, ಯಂತ್ರದಿಂದ ತಂಪಾಗುವ ಒಂದು ದೊಡ್ಡ ಪಡಸಾಲೆ. ಊಟವಾದ ಮೇಲೆ ಎಲ್ಲರೂ ಚಾಪೆ ಹಿಡಿದು ಅಲ್ಲಿಗೆ ಬರುತ್ತಾರೆ. ಹೋದ ಚೈತ್ರದಲ್ಲಿ ಸುತ್ತಲಿನ ಊರುಗಳೆಲ್ಲ ಒಂದೇ ಹೊತ್ತಿಗೆ ಕರೆಂಟು ಎಳೆದು ತಾಲ್ಲೂಕಿನ ಲೈನು ಸೋತಿತು. ಬ್ಯಾಟರಿ ಕೋಣೆಯ ಕೀಲಿ ತೆಗೆಸಿ ಅಲ್ಲಿಂದ ಜಗಲಿಗೆ ಕರೆಂಟು ಕೊಡುವಷ್ಟರಲ್ಲಿ ಜಗಲಿ ಒಲೆಯಾಗಿತ್ತು. ನಮ್ಮೂರಿಗೆಲ್ಲ ಅಂಗಿ ಹೊಲಿದ ದಾವಲಸಾಬ ಅಲ್ಲಿಯೇ ಕಣ್ಣು ಮುಚ್ಚಿದರು. ಅವರ ಪಕ್ಕದಲ್ಲಿ ಕೂತಿದ್ದವಳು ನನ್ನ ಅಕ್ಕ ಬಾಳವ್ವ. ನೆಲಕ್ಕೆ ಬಿದ್ದವಳು ಬದುಕಿದಳು, ಆದರೆ ಅಂದಿನಿಂದ ಜಗಲಿಯ ಮೆಟ್ಟಿಲು ಹತ್ತಿಲ್ಲ. “ಸಾಯೂದಿದ್ರ ನನ್ನ ಮನ್ಯಾಗ ಸಾಯ್ತೀನಿ, ಮಂದಿ ನಡುವ ಬ್ಯಾಡ” ಎನ್ನುತ್ತಾಳೆ. ಈಗ ಮಾಘ. ಚೈತ್ರ ಬಂದರೆ ಆ ಮನೆಯಲ್ಲಿ ಆಕೆ ಬದುಕುವುದಿಲ್ಲ. ನಮಗೆ ಉಳಿದಿರುವ ಸಮಯ ಅಷ್ಟೇ.

ನನ್ನ ಮೊಮ್ಮಗಳು ಇಂಚರ ಜಿಲ್ಲೆಯ ಬೆಳಕು ಮಂಡಳಿಯಲ್ಲಿ ಕರೆಂಟಿನ ಯೋಜನೆ ಮಾಡುವವಳು. ಲೆಕ್ಕ ಹಾಕಿಕೊಂಡು ಮನೆಗೆ ಬಂದಳು. ನಾನು ಮೊದಲೇ ಹೇಳಿದೆ, ತೆಂಕಣದ ಮಾತು ಎತ್ತಿದರೆ ಈ ಮನೆಯಲ್ಲಿ ನಿನಗೆ ರೊಟ್ಟಿ ಇಲ್ಲ ಎಂದು. “ಆಯಿ, ತೆಂಕಣ ಯಾರಿಗೆ ಬೇಕಾಗೈತಿ? ಅರ್ಧ ಸಾಲು ಪಡುವಣಕ್ಕ ಹೊಳ್ಳಸೂನು. ಹೊತ್ತು ಮುಳುಗೂ ತನಕ ಜಗಲಿಗೆ ನಮ್ಮದ ಕರೆಂಟು. ಯಮಗ ತ್ರಾಸಿಲ್ಲ, ನಿಮಗೂ ತ್ರಾಸಿಲ್ಲ” ಎಂದಳು. ಹುಡುಗಿಗೆ ಬಾಯಿ ಜಾಸ್ತಿ. ಲೆಕ್ಕ ಸರಿಯಾಗಿತ್ತು. ರೊಟ್ಟಿ ಬಡಿಸಿದೆ.

ಸಭೆ ಸುಲಭವಾಗಿರಲಿಲ್ಲ. ಪಡುವಣಕ್ಕೆ ಹೊರಳಿದ ಸಾಲಿನವರಿಗೆ ಮುಂಜಾನೆಯ ಕರೆಂಟು ಹೋಗುತ್ತದೆ. ಯಾರ ಸಾಲು ಹೊರಳಬೇಕು ಎಂಬುದೇ ಜಗಳ. ಗಾಣದ ಸಿದ್ರಾಮಪ್ಪ ಎದ್ದು ನಿಂತ. “ನಿಮ್ಮ ಮೊಮ್ಮಗಳು ಮಂಡಳ್ಯಾಗ ಕುಂತಾಳ. ನಕಾಶೆದಾಗ ಬೇವಿನಗಿಡದವರ ಸಾಲು ಮೂಡಣಕ್ಕ ಉಳಿತೈತಿ, ನಮ್ಮ ಗಾಣ ನಿಂದರತೈತಿ. ನಮಗೇನ್ ತಿಳಿಯಾಂಗಿಲ್ಲೇನ್ರಿ?” ಎಂದ. ನಮ್ಮ ಸಾಲು ಮಡ್ಡಿಯ ಎಲ್ಲಕ್ಕಿಂತ ಮೇಲಿನದು, ಊರಿನಲ್ಲಿ ಮೊದಲು ಬಿಸಿಲು ಬೀಳುವ ಸಾಲು. ಕರಿಯವ್ವ ನಿಂತು ನೆಡಿಸಿದ್ದು. ಅದರ ಮೇಲೆ ನನಗೆ ಅಭಿಮಾನ ಇದೆ, ಇಲ್ಲ ಎನ್ನುವುದಿಲ್ಲ. ಮಗ ಮಾತಾಡಲು ಎದ್ದ. ಕೂಡಿಸಿದೆ. “ಸಿದ್ರಾಮ, ನಕಾಶೆ ತೆಗಿ. ಹೊಳ್ಳಸೂ ಮೊದಲನೇ ಗೆರಿ ನಮ್ಮ ಸಾಲಿನ ಮ್ಯಾಲ ಎಳಿ. ಆಮ್ಯಾಲ ನಿಂದು ಮಾತಾಡು” ಎಂದೆ.

ಅವನು ನಕಾಶೆ ಬಿಚ್ಚಿ ಗೆರೆ ಎಳೆದ. ಆದರೆ ಒಪ್ಪಬೇಕಾದವನು ಅವನಲ್ಲ, ಅವರ ಸಾಲಿನ ಯಜಮಾನಿ, ಅವನ ಹೆಂಡತಿ ಕಾಶವ್ವ. ಆಕೆ ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನಮ್ಮದೂ ಹೊಳ್ಳಸ್ರಿ. ಗಾಣ ಮಧ್ಯಾಹ್ನ ಆಡಸ್ತೀವಿ. ಸಪ್ಪಳಕ್ಕ ಊರ ನಿದ್ದಿ ಕೆಟ್ರ ಮಾತ್ರ ನನ್ನ ಬೈಯಾಂಗಿಲ್ಲ.” ದಾವಲಸಾಬರು ಹೊಲಿದ ಅಂಗಿಯನ್ನೇ ಸಿದ್ರಾಮಪ್ಪ ಅಂದು ತೊಟ್ಟಿದ್ದ ಎಂಬುದು ಆಕೆಯ ಕಣ್ಣಿಗೆ ಬಿದ್ದಿತ್ತೋ ಏನೋ, ನಾನು ಕೇಳಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಒಪ್ಪಿದರು. ತೊಂಬತ್ತೆರಡು ವರ್ಷ ನಮ್ಮೂರು ಕಾಪಾಡಿಕೊಂಡು ಬಂದ ಮಧ್ಯಾಹ್ನದ ನಿದ್ದೆ ಅಂದಿಗೆ ಮುಗಿಯಿತು.

ಈಗ ನಿಮಗೆ ತಿಳಿಸಬೇಕಾದದ್ದು. ಕರಾರಿನಿಂದ ಆಚಂದ್ರಾರ್ಕ ಎಂಬ ಮಾತನ್ನು ತೆಗೆಯುತ್ತಿದ್ದೇವೆ. ಅದರ ಬದಲು, ಮುಂದಿನವರು ಕೂತು ವಿಚಾರ ಮಾಡುವವರೆಗೆ ಎಂದು ಬರೆದಿದ್ದೇವೆ. ನೀವು ಮೂಢರೆಂದು ತೆಗೆಯುತ್ತಿಲ್ಲ. ನೆಲ ಉಳಿಸಿದ ಬುದ್ಧಿ ಯಾರದೋ, ದಿಕ್ಕು ತಪ್ಪಿಸಿದ ಬುದ್ಧಿಯೂ ಅವರದೇ. ನಮ್ಮದೂ ಹಾಗೆಯೇ ಇರುತ್ತದೆ. ನಾಳೆ ನಮ್ಮ ತಪ್ಪು ಏನೆಂದು ಕಂಡವಳು ನನಗೊಂದು ಓಲೆ ಬರೆಯಲಿ. ನಾನು ಸಿಟ್ಟಾಗುತ್ತೇನೆ, ಆದರೂ ಬರೆಯಲಿ.

ನನ್ನದು ಒಂದೇ ಕೋರಿಕೆ. ಕಾಗದಗಳು ಹಿಂದಕ್ಕೆ ಹೋಗುತ್ತವೋ ಇಲ್ಲವೋ ನಾನರಿಯೆ. ಇದು ಹೇಗಾದರೂ ನಿಮ್ಮ ಕೈ ಸೇರಿದರೆ, ಸರಕಾರದವರೂ ಕಂಪನಿಯವರೂ ನೀವೂ ಒಂದೇ ಚಾಪೆಯ ಮೇಲೆ ಕೂತಿರುವ ಆ ಹೊತ್ತಿನಲ್ಲಿ ಓದಿರಿ. ದಿಕ್ಕನ್ನು ನಿಮ್ಮ ಮನಸ್ಸಿಗೆ ಬಂದಂತೆ ಇಡಿರಿ, ಕರಿಯವ್ವನ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ನೆಲ ಮಾತ್ರ ಕೊಡಬೇಡಿರಿ, ಸಾಲುಗಳನ್ನು ಹೆಣ್ಣುಮಕ್ಕಳ ಹೆಸರಿನಿಂದ ಕದಲಿಸಬೇಡಿರಿ. ಕಂಬದ ಬುಡಕ್ಕೆ ಕಾಂಕ್ರೀಟು ಸುರಿಯುವ ಬದಲು ಬಿಚ್ಚಲು ಬರುವ ನಟ್ಟು ಬೋಲ್ಟು ಹಾಕಿಸಿರಿ. ಖರ್ಚು ತುಸು ಹೆಚ್ಚು ಎನ್ನುತ್ತಾರೆ, ಕೇಳಬೇಡಿರಿ. ಬಿಚ್ಚಲು ಬರುವ ಹಾಗೆ ಕಟ್ಟುವುದೂ ಕಟ್ಟುವ ಕೆಲಸವೇ.

ನಾಳೆ ಬೆಳಿಗ್ಗೆ ಸಭೆಯಲ್ಲಿ ಈ ಓಲೆ ಓದಿ, ಕಾಂಕ್ರೀಟು ಕೊಯ್ಯುವ ಯಂತ್ರವನ್ನು ಮೇಲಿನ ಸಾಲಿಗೆ ಒಯ್ಯುತ್ತೇವೆ. ಬಾಳವ್ವನಿಗೆ ಹೇಳಿಬಂದೆ. ಜಗಲಿ ಒಂದಿಡೀ ಮಧ್ಯಾಹ್ನ ತಂಪಾಗಿ ಉಳಿದದ್ದನ್ನು ಕಂಡ ಮೇಲೆ ವಿಚಾರ ಮಾಡುತ್ತೇನೆ ಎಂದಿದ್ದಾಳೆ. ಆಕೆಯ ಬಾಯಿಂದ ಅದೇ ಬಹಳ. ಆಕೆಯ ಚಾಪೆ ಹಾಸುವ ಜಾಗವನ್ನು ಗೋಡೆಯ ಪಕ್ಕ ನಾನೇ ಗುಡಿಸಿ ಇಟ್ಟಿದ್ದೇನೆ.

ಸಿಮೆಂಟು ಇನ್ನೂ ಕಲಸಿಲ್ಲವಾದರೆ ನಾನು ಹೇಳಿದ್ದನ್ನು ನೆನಪಿಡಿರಿ. ಕಲಸಿ ಸುರಿದಾಗಿದ್ದರೆ ಇರಲಿ, ಚಿಂತೆ ಮಾಡಬೇಡಿರಿ. ನಾವು ಕೊಯ್ದುಕೊಳ್ಳುತ್ತೇವೆ.

ನಿಮ್ಮ ಊರಿನವಳು,
ಫಕೀರವ್ವ ಬೇವಿನಗಿಡದ
ಮೇಲಿನ ಸಾಲಿನ ಯಜಮಾನಿ