ಸೋನಾಲಿಯ ಕಾಲುನೋವು

ದಹಿಸರ್, ಮುಂಬೈ
೧೯ ಜೂನ್ ೨೦೨೫

ಪ್ರೀತಿಯ ತಂಗಿ ಚನ್ನವ್ವ,

ನೀನೂ ನೀಲಕಂಠಪ್ಪನವರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಯುರೋಪಿನಿಂದ ಬಂದು ಇಷ್ಟು ದಿನವಾದರೂ ಅಕ್ಕ ಒಂದು ಮಾತು ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬಂದ ವಾರವಿಡೀ ಹಗಲೆಲ್ಲ ನಿದ್ದೆ, ಆಮೇಲೆ ನಮ್ಮ ಬಿಲ್ಡಿಂಗಿನ ಹೆಂಗಸರು ಸರದಿಯ ಮೇಲೆ ಬಂದು ಫೋಟೋ ನೋಡಿದರು. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಟ್ಟು ಅಡುಗೆ ಮಾಡುತ್ತೀ, ನನಗೆ ಕೇಳುವುದು ನಿನ್ನ ಕುಕ್ಕರಿನ ಸೀಟಿ ಮಾತ್ರ. ಅದಕ್ಕೇ ಕಾಗದ ತೆಗೆದುಕೊಂಡು ಕೂತೆ.

ನೀನು ಕೇಳಿದ್ದು ನೆನಪಿದೆ. "ಅಕ್ಕಾ, ಮುಂದಿನ ವರ್ಷ ನಾವೂ ಇದೇ ಟೂರಿಗೆ ಹೋಗ್ಬೇಕಂತೀವಿ. ಇವರ ಮೊಣಕಾಲು ನಿನಗ ಗೊತ್ತೈತಿ. ಭಾಳ ಓಡಸ್ತಾರೇನು?"

ಓಡಿಸುತ್ತಾರೆ. ಆದರೆ ಬಸ್ಸು ಓಡುವುದೇ ಹೆಚ್ಚು. ಬೆಳಿಗ್ಗೆ ನಸುಕಿನಲ್ಲಿ ಖೋಲಿಯ ಫೋನು ಹೊಡೆದುಕೊಳ್ಳುತ್ತದೆ. ಸ್ನಾನ, ನಾಷ್ಟಾ ಮುಗಿಸಿ ಪೆಟ್ಟಿಗೆ ಕೆಳಗೆ ತಂದಿಡುವಷ್ಟರಲ್ಲಿ ಬಸ್ಸಿನವನು ಇಂಜಿನ್ ಚಾಲೂ ಮಾಡಿರುತ್ತಾನೆ. ಇವತ್ತು ಉಂಡ ಊರಿನಲ್ಲಿ ನಾಳೆ ಉಣ್ಣುವುದಿಲ್ಲ. ಪ್ಯಾರಿಸ್ಸಿನ ಒಂದು ದೊಡ್ಡ ಚರ್ಚನ್ನು ನಾನು ಬಸ್ಸಿನ ಕಿಟಕಿಯಿಂದಲೇ ನೋಡಿ ಕೈಮುಗಿದೆ. "ಫೋಟೋ ಸ್ಟಾಪ್" ಅಂತ ಒಂದು ಮಾಡುತ್ತಾರೆ: ಇಳಿ, ನಿಲ್ಲು, ನಗು, ಹತ್ತು. ಬ್ರಸೆಲ್ಸ್ ಊರು ಹೇಗಿತ್ತೆಂದು ನೀನು ಕೇಳಿದರೆ ಹೇಳಲು ನನ್ನ ಹತ್ತಿರ ಒಂದು ಚೌಕ, ಒಂದು ತುಂಡು ಚಾಕಲೇಟು ಇಷ್ಟೇ ಇವೆ. ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಒಂದೇ ಹೋಟೆಲಿನಲ್ಲಿ ಮೂರು ರಾತ್ರಿ ಇಟ್ಟರು. ಅಲ್ಲಿ ನನಗೆ ಜೀವ ಬಂದಂತಾಯಿತು. ತೊಳೆದ ಸೀರೆ ಒಣಗುವ ತನಕ ಒಂದು ಕಡೆ ಇದ್ದರೇ ಊರು ನೋಡಿದ ಹಾಗೆ ಅನ್ನಿಸುತ್ತದೆ.

ನಡಿಗೆಯದು ಬೇರೆ ಕಥೆ. ಹಳೆಯ ಊರುಗಳ ಒಳಗೆ ದೊಡ್ಡ ಬಸ್ಸು ಬಿಡುವುದಿಲ್ಲ. ದೂರ ಇಳಿಸಿಬಿಡುತ್ತಾರೆ, ಅಲ್ಲಿಂದ ಕಲ್ಲು ಹಾಸಿದ ಓಣಿಗಳಲ್ಲಿ ನಡೆಯಬೇಕು. ಮುಂಬೈಯಿಂದಲೇ ನಮ್ಮ ಜೊತೆ ಬಂದಿದ್ದ ಟೂರ್ ಮ್ಯಾನೇಜರ್ ಸುಭಾಷ ಒಳ್ಳೆಯ ಹುಡುಗ. ನನ್ನನ್ನು ಸ್ವಂತ ಚಿಕ್ಕಮ್ಮನ ಹಾಗೆ "ಕಾಕೂ" ಎಂದೇ ಕರೆಯುತ್ತಿದ್ದ. ಆದರೆ ಬಾವುಟ ಎತ್ತಿ ಹಿಡಿದು ಅವನು ನಡೆಯಲು ತೊಡಗಿದರೆ ಚರ್ಚ್‌ಗೇಟ್ ಲೋಕಲ್ ರೈಲು ಹಿಡಿಯಲು ಹೊರಟವನ ಹಾಗೆ. ನನ್ನ ಜೊತೆ ಹಿಂದೆ ಉಳಿಯುತ್ತಿದ್ದವಳು ಜೋಗೇಶ್ವರಿಯ ಅಖ್ತರಿ ಎಂಬಾಕೆ, ಮೂಲ ನಮ್ಮ ವಿಜಯಪುರದವಳೇ. ಗಂಡನನ್ನು ಮುಂದೆ ಕಳಿಸಿ, "ನೀವು ಆರಾಮ ಬರ್ರಿ, ಬಸ್ಸ ಎಲ್ಲಿ ಓಡಿ ಹೋಗ್ತೈತಿ?" ಅನ್ನುತ್ತ ನನ್ನ ಕೈ ಹಿಡಿಯುತ್ತಿದ್ದಳು. ಆಕೆಯ ಋಣ ನನ್ನ ಮೇಲಿದೆ.

ನಾನು ಹೋದದ್ದು ಸೋನಾಲಿಯ ಜೊತೆ ಎಂಬುದು ನಿನಗೆ ಗೊತ್ತೇ ಇದೆ. ಮಗ ಗುರುಬಸವನ ಹೆಂಡತಿಯಾಗಿ ನಮ್ಮ ಮನೆಗೆ ಬಂದ ವರ್ಷವೇ, "ಅವ್ವಾ, ನಿಮ್ಮನ್ನ ಒಂದ್ಸಲ ಯುರೋಪ್ ದಿಖಾಯೇಂಗೆ" ಎಂದು ತೋರಿಸುವ ಮಾತು ಕೊಟ್ಟಿದ್ದಳು. ಮರಾಠಿ ಹುಡುಗಿ. ಕನ್ನಡ ಮಾತಾಡುವಾಗ ಅರ್ಧಕ್ಕೆ ಹಿಂದಿ ಹತ್ತಿಕೊಳ್ಳುತ್ತದೆ, ಆದರೆ ಹೇಳಿದ ಮಾತು ಮರೆಯುವವಳಲ್ಲ. ಗುರುಬಸವ ಬರಲಿಲ್ಲ. ನಾವಿಬ್ಬರೇ ಹೋದೆವು.

ವೆನಿಸ್ಸಿನಲ್ಲಿ ನನ್ನ ಮರ್ಯಾದೆ ಹೋಯಿತು ನೋಡು. ಅಲ್ಲಿ ಓಣಿಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು. ನಾನು ಹತ್ತಿ ಇಳಿದು ದಂಡೆ ಮುಟ್ಟುವಷ್ಟರಲ್ಲಿ ನಮ್ಮ ದೋಣಿ ಹೋಗಿಬಿಟ್ಟಿತ್ತು. ಇಡೀ ಗುಂಪು ಬಿಸಿಲಿನಲ್ಲಿ ಇನ್ನೊಂದು ದೋಣಿಗೆ ಕಾಯಿತು. ಘಾಟ್ಕೋಪರಿನ ಒಬ್ಬ ವ್ಯಾಪಾರಿ ಸುಭಾಷನಿಗೆ ಅನ್ನುವುದು ಕಿವಿಗೆ ಬಿತ್ತು: "ಐಸೇ ಲೋಗೋಂಕೋ ಲೇತೇ ಕ್ಯೂಂ ಹೋ? ಹಮ್ ಕ್ಯಾ ಖಡೇ ರಹನೇ ಆಯೇ ಹೈಂ?" ಇಂಥವರನ್ನು ಯಾಕೆ ಕರೆತರುತ್ತೀರಿ, ನಾವೇನು ನಿಂತು ಕಾಯಲು ಬಂದೆವೇ ಎಂದು.

ಅವನದೂ ತಪ್ಪಿಲ್ಲ, ಚನ್ನವ್ವ. ಅವನೂ ಒಂದೇ ಸಲ ಬಂದವನು. ಆದರೆ ಆ ಮಾತು ನನ್ನ ಕಾಲಿಗಿಂತ ಹೆಚ್ಚು ನೋಯಿಸಿತು. ಮರುದಿನ ಫ್ಲಾರೆನ್ಸ್. ನಾಷ್ಟಾದ ಹೊತ್ತಿಗೆ ಸೋನಾಲಿಗೆ ಹೇಳಿದೆ, "ಇವತ್ತ ನಾ ಬಸ್ಸಿನ್ಯಾಗ ಕುಂದರ್ತೀನವ್ವಾ. ನೀ ಎಲ್ಲಾ ನೋಡ್ಕೊಂಡ ಬಾ."

ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದವಳು ನನ್ನ ಮುಖವನ್ನೇ ನೋಡಿದಳು. ಎದ್ದು ಮೇಲೆ ಹೋದಳು. ಕೆಳಗೆ ಬಂದಾಗ ಪಾದಕ್ಕೆ ಕ್ರೇಪ್ ಬ್ಯಾಂಡೇಜು, ಕುಂಟುನಡಿಗೆ!

"ಮೆಟ್ಟಿಲ ಮ್ಯಾಲೆ ಕಾಲು ಮುಡ್ ಗಯಾ... ಮೋಚ್ ಆ ಗಯೀ ಅವ್ವಾ," ಎಂದಳು. ಬಸ್ಸಿನಲ್ಲಿ ತಾನೇ ಎದ್ದು ನಿಂತು ಎಲ್ಲರಿಗೂ ಹೇಳಿದಳು: ತನ್ನ ಕಾಲು ಉಳುಕಿದೆ, ಇವತ್ತು ತನ್ನಿಂದ ತಡವಾಗುತ್ತದೆ, ಮನಸ್ಸಿಗೆ ತಂದುಕೊಳ್ಳಬಾರದು.

ಹರೆಯದ ಹುಡುಗಿಯ ಕಾಲೆಂದರೆ ಎಲ್ಲರಿಗೂ ಎಷ್ಟು ಕರುಣೆ! ಸುಭಾಷ ಬಾವುಟ ಇಳಿಸಿ ನಿಧಾನ ನಡೆದ. ಅಲ್ಲಲ್ಲಿ ಕೂರಿಸಿದ. ಘಾಟ್ಕೋಪರಿನವನೇ ತನ್ನ ಚೀಲದಿಂದ ನೋವಿನ ಮುಲಾಮು ತೆಗೆದುಕೊಟ್ಟು, "ಬೇಟಾ, ಜಲ್ದೀ ನಹೀಂ ಹೈ," ಅವಸರವೇನಿಲ್ಲ ಎಂದ. ಅವಳು ಕುಂಟುತ್ತ, ನಾನು ಅವಳಿಗೆ ಆಸರೆಯಾಗಿದ್ದೇನೆ ಎಂದುಕೊಳ್ಳುತ್ತ ಅವಳ ತೋಳಿಗೇ ಜೋತುಬಿದ್ದು, ಇಬ್ಬರೂ ಫ್ಲಾರೆನ್ಸ್ ಪೂರಾ ನೋಡಿದೆವು. ಆ ಊರಿನ ದೊಡ್ಡ ಗುಮ್ಮಟ, ನದಿಯ ಮೇಲಿನ ಬಂಗಾರದ ಅಂಗಡಿಗಳು, ಒಂದು ಮುದುಕಿ ಕಿಟಕಿಯಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಜೆ ಹೋಟೆಲಿನಲ್ಲಿ ಕೊಬ್ಬರಿಎಣ್ಣೆ ತೆಗೆದು, "ಕಾಲ ಚಾಚು, ತಿಕ್ಕತೀನಿ," ಎಂದೆ. "ಬೇಡ ಅವ್ವಾ" ಎಂದಳು. ನಾನು ಬಿಡಲಿಲ್ಲ. ಬ್ಯಾಂಡೇಜು ಬಿಚ್ಚಿ ನೋಡಿದರೆ ಬಾವಿಲ್ಲ, ಕೆಂಪಿಲ್ಲ. ಒತ್ತಿದರೆ ಹಾ ಅನ್ನಲಿಲ್ಲ. "ಎಲ್ಲಿ ನೋವಾಗಾಕತ್ತೈತಿ?" ಎಂದರೆ ಇನ್ನೊಂದು ಕಾಲು ತೋರಿಸಿಬಿಟ್ಟಳು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಇಷ್ಟ್ಯಾಕ ಸುಳ್ಳ ಹೇಳಿದಿ?"

"ನೀವು ಬಸ್ಸಲ್ಲಿ ಕೂತ್ರೆ, ನಾ ಯಾರಿಗೆ ತೋರಿಸೂದು ಅವ್ವಾ?" ನಗುತ್ತಲೇ ಅವಳ ಕಣ್ಣು ತುಂಬಿದವು. ನಾನು ಆ ಕಾಲನ್ನೇ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದೆ. ರೋಮಿನಲ್ಲೂ ಅವಳು ಕುಂಟುವುದನ್ನು ಬಿಡಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಹೋಗಿ, ಆದರೆ ಕಡಿಮೆ ದೇಶಗಳ ಟೂರು ಆರಿಸಿ. ಒಂದೊಂದು ಊರಿನಲ್ಲಿ ಎರಡು ರಾತ್ರಿಯಾದರೂ ಇಡುತ್ತಾರೋ ಎಂದು ಮೊದಲೇ ಕೇಳಿ. ಹೊಸ ಬೂಟು ಹಾಕಿಕೊಂಡು ಹೋಗಬೇಡಿ, ಇಲ್ಲಿಯೇ ತಿಂಗಳೊಪ್ಪತ್ತು ಹಾಕಿ ಸವೆಸಿ. ನಿನ್ನ ಯಜಮಾನರಿಗೆ ಕೋಲು ಹಿಡಿಯಲು ನಾಚಿಕೆಯಾದರೆ ಉದ್ದನೆಯ ಕೊಡೆ ಕೊಡು. ಜೊತೆಗೆ ನಡೆಯುವವರು ಒಳ್ಳೆಯವರಿದ್ದರೆ ಯಾವ ವೇಗವನ್ನೂ ತಡೆದುಕೊಳ್ಳಬಹುದು. ನನಗೆ ದೇವರು ಅಂಥವರನ್ನು ಕೊಟ್ಟ.

ನಿನ್ನ ಮನೆ ತುಂಬಿರಲಿ, ನಿಮ್ಮಿಬ್ಬರ ಕಾಲಿಗೂ ಕಣ್ಣಿಗೂ ಬಲವಿರಲಿ ಎಂದು ಹರಸುವ,

ನಿನ್ನ ಅಕ್ಕ
ಅಂಬವ್ವ

ತಾ.ಕ.: ಸಹಿ ಮಾಡಿದ ಮೇಲೂ ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಗುರುಬಸವ ಯಾಕೆ ಬರಲಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀ. ಅವನು ಎರಡು ವರ್ಷದಿಂದ ಠಾಣೆಯಲ್ಲಿ ಬೇರೊಬ್ಬ ಹೆಣ್ಣುಮಗಳ ಜೊತೆ ಮನೆ ಮಾಡಿಕೊಂಡಿದ್ದಾನೆ. ಮಾರ್ಚಿನಲ್ಲಿ ಕೋರ್ಟಿನಲ್ಲಿ ಡೈವೋರ್ಸೂ ಆಯಿತು. ಸೋನಾಲಿ ಈಗ ನನ್ನ ಸೊಸೆಯಲ್ಲ. ಇದನ್ನು ನಿನಗೆ ಹೇಳಲು ಇಷ್ಟು ದಿನ ನಾಲಿಗೆ ಏಳಲಿಲ್ಲ. ಏರ್‌ಪೋರ್ಟಿನಿಂದ ನನ್ನನ್ನು ಮನೆಗೆ ಮುಟ್ಟಿಸಿ, ಚಹಾ ಮಾಡಿಕೊಟ್ಟು, ಅವಳು ತನ್ನ ಪೆಟ್ಟಿಗೆ ಎಳೆದುಕೊಂಡು ತನ್ನ ಬಾಡಿಗೆ ಖೋಲಿಗೆ ಹೋದಳು. ಟೂರು ಬಹಳ ಜೋರಾಗಿ ಓಡಿತೆಂದು ನನಗೆ ನಿಜವಾಗಿ ಅನ್ನಿಸಿದ್ದು ಆವಾಗ.

ಡಿಸೆಂಬರಿನಲ್ಲಿ ನಿನ್ನ ಶುಭಾಂಗಿಯ ಮದುವೆ. ಗುರುಬಸವನನ್ನು ಕರೆ, ಅವನು ನಿನ್ನ ಅಕ್ಕನ ಮಗ, ನಾನು ಬೇಡ ಅನ್ನುವುದಿಲ್ಲ. ಯಾರನ್ನು ಕರೆದುಕೊಂಡು ಬರುತ್ತಾನೋ ಅದು ಅವನಿಗೆ ಬಿಟ್ಟದ್ದು. ಸೋನಾಲಿಯನ್ನೂ ನೀನೇ ಫೋನು ಮಾಡಿ ಕರೆಯಬೇಕು. ನಾನು ಅವಳ ಜೊತೆ ಬರುತ್ತೇನೆ. ಬೀಗರು ಇವಳ್ಯಾರು ಎಂದು ಕೇಳಿದರೆ ನೀನು ತಡವರಿಸಬೇಡ, ನನ್ನ ಕಡೆ ಕೈ ತೋರಿಸು. ಉತ್ತರ ನಾನು ಕೊಡುತ್ತೇನೆ.