ಹೊಗೆಯಿಲ್ಲದ ಊರೆಂದು ಮುದ್ರೆ ಒತ್ತಿದವರಿಗೆ

ಮಾನ್ಯತಾ ಮಂಡಳಿಯ ಅಧ್ಯಕ್ಷ ಮಹಾಶಯರೇ,

ನಿಮ್ಮ ಶುಲ್ಕ ಕಟ್ಟಲಾಗದ ಕಾರಣಕ್ಕೆ ನಾನು ಕಣ್ಣಾರೆ ಕಂಡದ್ದು ಸುಳ್ಳಾಯಿತು. ಶುಲ್ಕ ಕಟ್ಟಿದವರು ಕಾಣದೆ ಬರೆದದ್ದು ನಿಜವಾಯಿತು. ಅದರ ಫಲವಾಗಿ ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ನನ್ನ ಅಕ್ಕ ಮಾಳಮ್ಮ ಉಸಿರಿಗಾಗಿ ಒದ್ದಾಡುತ್ತಿದ್ದಾಳೆ. ದೂರು ಇಷ್ಟೇ. ಬಿಡುವಿದ್ದರೆ ಮುಂದೆ ಓದಿ.

ನಾನು ಇಂಗಾಲ ಯೋಜನೆಗಳ ಪರಿಶೋಧಕ. ಅಂದರೆ, ಇಲ್ಲಿ ಹೊಗೆ ಕಡಿಮೆ ಮಾಡಿದ್ದೇವೆಂದು ಹೇಳಿ ಆ ಪುಣ್ಯವನ್ನು ದೂರದ ಕಂಪನಿಗಳಿಗೆ ಮಾರುವವರ ಮಾತು ನಿಜವೋ ಸುಳ್ಳೋ ಎಂದು ನೋಡುವವನು. ನೋಡಲು ಕಣ್ಣು ಸಾಲದು, ನಿಮ್ಮ ಮಾನ್ಯತೆ ಬೇಕು. ಅರ್ಜಿಗೆ ಶುಲ್ಕ, ನವೀಕರಣಕ್ಕೆ ಶುಲ್ಕ, ಒಲೆಯ ಯೋಜನೆಗೆ ಒಂದು, ಗಿಡದ್ದಕ್ಕೆ ಇನ್ನೊಂದು. ನಾನು ಸರಿಯಾಗಿ ನೋಡುತ್ತೇನೆಯೇ ಎಂದು ನೋಡಲು ಬರುವ ನಿಮ್ಮ ಪರಿವೀಕ್ಷಕರ ವಿಮಾನದ ಟಿಕೇಟೂ ನನ್ನ ತಲೆಗೇ. ಆ ವಿಮಾನದ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ ಸ್ವಾಮಿ? ಶಹಾಬಾದಿನಲ್ಲಿ ಒಂದೇ ಕೋಣೆಯ ಆಫೀಸು ಇಟ್ಟುಕೊಂಡು ಚಿತ್ತಾಪುರ, ಚಿಂಚೋಳಿ ಎಂದು ಬಸ್ಸಿನಲ್ಲಿ ಅಲೆಯುವವನಿಗೆ ಇದು ಆಗುವ ಮಾತಲ್ಲ. ನನ್ನ ಮಾನ್ಯತೆಯ ಅವಧಿ ಮುಗಿಯಿತು. ನಾನು ಕೊಟ್ಟ ಕುರಕುಂಟಾದ ವರದಿಯನ್ನೂ ನೀವು ಅಮಾನ್ಯ ಮಾಡಿದಿರಿ.

ಅದರಲ್ಲಿ ಇದ್ದದ್ದು ಇಷ್ಟು. ಕಂಪನಿಯೊಂದು ಮನೆಮನೆಗೆ ಹಂಚಿದ ಹೊಗೆಯಿಲ್ಲದ ಒಲೆಯ ಬಾಯಿ ಸಣ್ಣದು. ಜೋಳದ ರೊಟ್ಟಿಯ ಹಂಚು ಅದರ ಮೇಲೆ ಕೂರುವುದಿಲ್ಲ. ಕೂತರೂ ರೊಟ್ಟಿಯ ಅಂಚು ಬೇಯುವುದಿಲ್ಲ. ಹಾಗಾಗಿ ಹೆಂಗಸರು ಹಳೆಯ ಒಲೆಯಲ್ಲೇ ತೊಗರಿ ಕಟ್ಟಿಗೆ ಉರಿಸುತ್ತಾರೆ. ಹೊಸದು ಮೂಲೆ ಹಿಡಿದಿದೆ.

ಆಮೇಲೆ ನಿಮ್ಮ ಶುಲ್ಕ ತೀರಿಸಿದ ಪರಿಶೋಧಕರು ಬಂದರು, ಮೊದಲೇ ತಿಳಿಸಿ ಬಂದರು. ಅಕ್ಕ ಏನು ಮಾಡಿದಳು ಗೊತ್ತೇ? ಮೂಲೆಯ ಒಲೆಯನ್ನು ಒರೆಸಿ, ಅದರ ಮೇಲೇ ಚಹಾ ಮಾಡಿ ಕೊಟ್ಟಳು. ಒಲೆ ಹೇಗಿದೆ ಎಂದು ಕೇಳಿದರೆ ಭಾಳ ಛಲೋ ಅದರಿ ಎಂದಳು. ಕೊಟ್ಟವರ ಎದುರು ಕೊಟ್ಟದ್ದನ್ನು ಹಳಿಯುವ ಪದ್ಧತಿ ನಮ್ಮಲ್ಲಿಲ್ಲ. ನಾನು ಗದರಿದಾಗ ಆಕೆ ನನ್ನನ್ನೇ ಸಮಾಧಾನ ಮಾಡಿದಳು: "ಮನಿಗಿ ಬಂದ ಮಂದಿಗಿ ಅವ್ರು ಕೊಟ್ಟ ಒಲಿ ಮ್ಯಾಗೇ ಚಾ ಮಾಡ್ಲಿಲ್ಲಂದ್ರ ಅವ್ರಿಗಿ ಕೆಟ್ಟ ಅನಸ್ತದಲ್ಲೋ ತಮ್ಮಾ."

ಮಹನೀಯರು ಚಹಾ ಕುಡಿದು, ಫೋಟೊ ಹಿಡಿದು, ಬಿಸಿಲೇರುವ ಮೊದಲೇ ಕಾರು ಹತ್ತಿದರು. ಚಹಾ ಕುಡಿಯುವಾಗ ಅವರ ಬೆನ್ನ ಹಿಂದೆಯೇ ಮಸಿ ಹಿಡಿದ ಗೋಡೆ ಇತ್ತು; ಅದಕ್ಕೂ ಮಾನ್ಯತೆ ಇರಲಿಲ್ಲವೇನೋ, ಅದರ ಸಾಕ್ಷಿ ನಡೆಯಲಿಲ್ಲ. ಕುರಕುಂಟಾ ಹೊಗೆಮುಕ್ತ ಗ್ರಾಮವಾಯಿತು. ನಿಮ್ಮ ಮುದ್ರೆ ಬಿತ್ತು.

ಹೊಗೆ ಕುಡಿದು ಎದೆ ಕೆಟ್ಟವರಿಗೆ ಉಸಿರಿನ ಔಷಧಿ ಕೊಡಲು ಅದೇ ಕಂಪನಿಯ ಗಾಡಿ ಊರಿಗೆ ಬರುತ್ತಿತ್ತು. ಈಗ ಅದು ನಿಲ್ಲದೆ ಸುಲೇಪೇಟದ ಕಡೆ ಹೋಗುತ್ತದೆ. ಒಂದು ದಿನ ಅಕ್ಕ ರಸ್ತೆಗೆ ಅಡ್ಡ ನಿಂತಳು. ಚಾಲಕ ಬಂದೇಅಲಿ ಒಳ್ಳೆಯ ಮನುಷ್ಯ, ಇಳಿದು ಕೈ ಮುಗಿದ. "ನಿಮ್ಮ ಊರಾಗ ಹೊಗಿನೇ ಇಲ್ಲಂತ ಬರದಾರ, ಅಕ್ಕಾ. ಔಷಧ ಕೊಟ್ರ ನನ್ನ ನೌಕರಿ ಹೋಗ್ತದ," ಎಂದ. ಅಕ್ಕ ಯಾರನ್ನೂ ಬಯ್ಯಲಿಲ್ಲ. ಮನೆಗೆ ಬಂದು ಕೂತು, ದಮ್ಮು ಹಿಡಿದು ಹಿಡಿದು ನನ್ನನ್ನು ಕೇಳಿದಳು: "ನಾನೇ ಛಲೋ ಅದ ಅಂದಿನಲ್ಲೋ. ನಂದೇ ತಪ್ಪಾಯ್ತೇನು?"

ನಿಮ್ಮ ಮೇಲೆ ನನಗಿರುವ ಸಿಟ್ಟು ಹೇಳಿ ತೀರುವಂಥದ್ದಲ್ಲ.

ಶುಲ್ಕ ಇಳಿಸಿ ಎಂದು ಅಂಗಲಾಚುವುದಿಲ್ಲ, ಅದು ನಿಮ್ಮ ಹೊಟ್ಟೆಪಾಡು. ಆ ಪ್ರಮಾಣಪತ್ರ ರದ್ದು ಮಾಡಿ. ಕುರಕುಂಟಾದಲ್ಲಿ ಹೊಗೆ ಇದೆ ಎಂದು ಬರೆದು ಕೊಡಿ, ಗಾಡಿ ನಿಲ್ಲುತ್ತದೆ. ತಡವಾದರೂ ನಿಮಗೇನೂ ನಷ್ಟವಿಲ್ಲ. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರೂ ಇರುವುದಿಲ್ಲ, ಒಲೆಯೂ ಉರಿಯುವುದಿಲ್ಲ. ಒಂದು ಮನೆಯ ಮಟ್ಟಿಗಾದರೂ ಆಗ ನೀವು ಮುದ್ರೆ ಒತ್ತಿದ್ದು ನಿಜವಾಗುತ್ತದೆ.

ಇಂತಿ,
ನೋಡುವ ಅರ್ಹತೆ ಕಳೆದುಕೊಂಡು ನೋಡುತ್ತಲೇ ಇರುವ
ದೇವಾನಂದ, ಶಹಾಬಾದ