ಅಗಸಿಗಾಗಿ ತಗ್ಗಿಸಿದ ಮೋಟಾರು

೨ ಡಿಸೆಂಬರ್ ೧೯೪೭, ಮಂಗಳವಾರ

ಅಪ್ಪ ಇವತ್ತು ಅನ್ಯಾಯ ಮಾಡಿದರು. ನಮ್ಮ ಡ್ರೈವರ್ ಸಲಾವುದ್ದೀನ ಚಾಚಾನನ್ನು ಕಳ್ಳ ಎಂದರು. ಮನೆಯೊಳಗಲ್ಲ, ಆಳಂದದ ಪೇಟೆಯಲ್ಲಿ, ಬಟ್ಟೆ ಅಂಗಡಿ ಎದುರು, ನಾಲ್ಕು ಜನ ಕೇಳುವ ಹಾಗೆ.

ದಸರೆಗೆ ಈ ಮೋಟಾರು ತಂದಾಗ ಮುಂದಿನ ಗಾಲಿಗಳಿಗೆ ಹೊಸ ಟೈರು ಹಾಕಿಸಿದ್ದು. ಜೇವರ್ಗಿಗೆ ಹೋಗಿಬಂದು ನೋಡಿದರೆ ಎರಡೂ ಬೋಳು. “ಹೊಸವು ಮಾರಿ ಹಳೇವು ಹಾಕ್ಯಾನ” ಎಂದರು ಅಪ್ಪ. ನಿಜಾಮನ ಸೀಮೆಯ ಗಡಿ ನಾಕಾದಲ್ಲಿ ಸಾಮಾನೆಲ್ಲ ತಡೆಯುತ್ತಿರುವಾಗ ಟೈರಿಗೆ ಬಂಗಾರದ ಬೆಲೆ, ಅದು ನಿಜ. ಆದರೆ ಹನ್ನೆರಡು ವರ್ಷ ನಮ್ಮ ಗಾಡಿ ಓಡಿಸಿದವನು! ಚಾಚಾ ಕೀಲಿ ಕೊಟ್ಟು ಅಫಜಲಪುರಕ್ಕೆ ತಂಗಿ ಹಜರಾಬಿಯ ಮನೆಗೆ ಹೊರಟುಹೋದ.

ಇಂಥ ದಿನಗಳಲ್ಲಿ ಒಬ್ಬ ಮುಸಲ್ಮಾನನನ್ನು ಕಳ್ಳ ಎಂದರೆ ಎಲ್ಲರೂ ನಂಬುತ್ತಾರೆ. ಅದು ಅಪ್ಪನಿಗೂ ಗೊತ್ತು.

ಗಡಿಯಾಚೆಯ ಸೋಲಾಪುರಕ್ಕೆ ಸ್ವರಾಜ್ಯ ಬಂದು ನಾಲ್ಕು ತಿಂಗಳಾಗುತ್ತ ಬಂತು. ನಮ್ಮ ವಾಡೆಗೆ ಯಾವಾಗ?

೪ ಡಿಸೆಂಬರ್, ಮಧ್ಯಾಹ್ನ

ಅಪ್ಪ ಮಲಗಿದ್ದಾರೆ. ಈಗಷ್ಟೇ ಗಾಡಿಯ ಕೆಳಗಿಂದ ಬಂದೆ. ಸೆರಗೆಲ್ಲ ಎಣ್ಣೆ.

ಟೈರು ಪೂರ್ತಿ ಬೋಳಲ್ಲ! ಒಳಮಗ್ಗುಲು ಮಾತ್ರ ಸವೆದಿದೆ. ಹೊರಮಗ್ಗುಲಲ್ಲಿ ಹೊಸ ಟೈರಿನ ಗೆರೆ ಹಾಗೇ ಇವೆ. ಅಂಗೈಯನ್ನು ಒಳಗಿಂದ ಹೊರಗೆ ಎಳೆದರೆ ನುಣುಪು. ಹೊರಗಿಂದ ಒಳಗೆ ಎಳೆದರೆ ಗರಗಸದ ಹಲ್ಲಿನಂತೆ ತಡೆಯುತ್ತದೆ. ಹಳೆಯ ಟೈರು ಹೀಗಿರುವುದಿಲ್ಲ.

ಯುದ್ಧದ ಕಾಲದ ಒಂದು ಮರಾಠಿ ಕರಪತ್ರ ನನ್ನ ಪೆಟ್ಟಿಗೆಯಲ್ಲಿದೆ, ‘ಟೈರು ಉಳಿಸಿ’ ಎಂದು. ಸ್ತ್ರೀಶಿಕ್ಷಣದ ಕರಪತ್ರವನ್ನು ಎಷ್ಟು ಶ್ರದ್ಧೆಯಿಂದ ಓದಿದ್ದೆನೋ ಅದನ್ನೂ ಅಷ್ಟೇ ಶ್ರದ್ಧೆಯಿಂದ ಓದಿದ್ದೆ. ಸೋದರತ್ತೆ ನಕ್ಕಿದ್ದಳು. ಅದರಲ್ಲಿ ಸ್ಪಷ್ಟವಾಗಿದೆ: ಮುಂದಿನ ಗಾಲಿಗಳು ನೇರ ಇಲ್ಲದಿದ್ದರೆ ಟೈರು ಉರುಳುವುದಿಲ್ಲ, ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ.

ಹಾಗಾದರೆ ಗಾಲಿ ಯಾವಾಗ ಕೆಟ್ಟವು? ದಸರೆಯಲ್ಲೇ. ಈ ಮೋಟಾರು ನಮ್ಮ ವಾಡೆಯ ಅಗಸಿಬಾಗಿಲೊಳಗೆ ಹಿಡಿಯಲಿಲ್ಲ. ನಾಲ್ಕು ಬೆರಳು ಎತ್ತರ ಹೆಚ್ಚು. ಅಪ್ಪನ ತಂದೆ ಮುತ್ಯಾ ನಿಲ್ಲಿಸಿದ ಕಲ್ಲಿನ ಚೌಕಟ್ಟಿಗೆ ಉಳಿ ತಾಗಿಸಲು ಅಪ್ಪ ಒಪ್ಪಲಿಲ್ಲ. ಕಂಬಾರ ಮಾಳಿಂಗಪ್ಪನನ್ನು ಕರೆಸಿ ಮೋಟಾರನ್ನೇ ತಗ್ಗಿಸಿದರು!

೭ ಡಿಸೆಂಬರ್, ರವಿವಾರ

ಮಾಳಿಂಗಪ್ಪನ ಕುಲುಮೆಗೆ ಹೋಗಿದ್ದೆ. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ.

“ಏನ್ ಮಾಡಿದಿ ಹೇಳು ಮಾಳಿಂಗಪ್ಪಾ.”

“ಸ್ಪ್ರಿಂಗ್ ಕಮಾನಿನ ಪಟ್ಟಿ ಎರಡೆರಡು ತಗದೆ. ಗಾಡಿ ಕೆಳಗ ಕುಂತಿತು. ಯಾಕ್ರಿ ಬಾಯಾರ, ನನ್ನ ಮ್ಯಾಲೂ ಕಳವಿನ ಮಾತೇನು?”

“ಬರೇ ಪಟ್ಟೀನ?”

“ಗಾಡಿ ಹೊಟ್ಟಿ ಕೆಳಗ ಬಂತು. ಗಾಲಿ ಹಿಂದ ಒಂದು ಅಡ್ಡ ರಾಡ್ ಅದಲ್ರಿ, ಅದಕ್ಕ ತಾಗಾಕತ್ತಿತ್ತು. ಕಾಸಿ ಬಗ್ಗಿಸಿದೆ. ಎತ್ತಿನ ಚಕ್ಕಡಿಗಿ ಅಂಥಾ ರಾಡ್ ಎಲ್ಲಿರ್ತದ? ನನಗೇನ್ ಗೊತ್ತು?”

ಸಿಕ್ಕಿತು. ನೆಲದ ಮೇಲಿದ್ದ ಹಸಿ ಜಾಲಿಕಡ್ಡಿಯನ್ನು ಎತ್ತಿ ಬಗ್ಗಿಸಿ ತೋರಿಸಿದೆ. ನಡು ಬಾಗಿದರೆ ತುದಿಗಳು ಹತ್ತಿರ ಬರುತ್ತವೆ. ಆ ರಾಡು ಎರಡು ಗಾಲಿಗಳ ಬೆನ್ನು ಹಿಡಿದಿರುವುದು. ಬೆನ್ನು ಹತ್ತಿರ ಬಂದರೆ ಮೋರೆ ದೂರ ಹೋಗುತ್ತವೆ. ಒಂದು ಗಾಲಿ ನರೋಣಾ ಕಡೆ, ಇನ್ನೊಂದು ಮಾದನಹಿಪ್ಪರಗಾ ಕಡೆ!

ಮಾಳಿಂಗಪ್ಪ ಕಡ್ಡಿ ಇಸಿದುಕೊಂಡು ತಾನೂ ಬಗ್ಗಿಸಿ ನೋಡಿದ.

“ನೀವು ಗಂಡಸಾಗಬೇಕಿತ್ತು, ಗೌರಾಬಾಯಾರ.”

“ಯಾಕ? ಹೆಂಗಸಾಗೇ ತಿಳೀತಲ್ಲ.”

ದಾರಿಯುದ್ದಕ್ಕೂ ತಲೆ ಎತ್ತಿಕೊಂಡು ಬಂದೆ. ಸೆರಗು ಜಾರಿದ್ದು ಮನೆಗೆ ಬಂದ ಮೇಲೆ ತಿಳಿಯಿತು.

೮ ಡಿಸೆಂಬರ್

ಅಪ್ಪನಿಗೆ ಹೇಳಿದೆ.

“ಗಾಡಿ ಕೆಳಗ ಮಲಗಿದ್ದೆ? ಈ ದೌಲತರಾಯನ ಮಗಳು?”

“ಹೌದ್ರಿ, ಮಲಗಿದ್ದೆ. ನೀವೂ ಒಮ್ಮೆ ಕೈ ಹಚ್ಚಿ ನೋಡ್ರಿ.”

“ಜೇವರ್ಗಿ ದಾರ್ಯಾಗ ಗಾಡಿ ಅತ್ತಿತ್ತ ಹೊಡೀತಿತ್ತು. ಆ ಸಲಾವುದ್ದೀನಗ ತೂಕಡಿಕಿ. ಅದಕ್ಕೂ ರಾಡೇ ಕಾರಣ ಅಂತೀ?”

“ಅದಕ್ಕೂ ಅದೇ. ನೀವೇ ಓಡಿಸ್ರಿ. ನಿಮಗೂ ತೂಕಡಿಕಿ ಬರ್ತದೇನು ನೋಡೂಣು.”

ಎದ್ದು ಹೋದರು. ಊಟಕ್ಕೂ ಬರಲಿಲ್ಲ.

೧೬ ಡಿಸೆಂಬರ್, ಮಂಗಳವಾರ

ಒಂದು ವಾರ ಮಾತಿಲ್ಲ. ಇವತ್ತು ತಾವೇ ಬಂದು, “ನಡಿ” ಎಂದರು.

ಸವೆದವನ್ನು ತೆಗೆಸಿ, ಹಿಂದಿನ ಗಾಲಿಗಳ ಎರಡು ಸಮ ಟೈರು ಮುಂದೆ ಹಾಕಿಸಿದೆ. ಎಲ್ಲಿ ಉಜ್ಜುತ್ತದೆ ತಿಳಿಯಲೆಂದು ಅವುಗಳ ಮೈತುಂಬ ಸುಣ್ಣ ಬಳಿದು ಒಣಗಿಸಿದೆ. ಅಪ್ಪನೇ ಸ್ಟೇರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ಮುಂದಿನ ಸೀಟಿನಲ್ಲಿ, ಮೊದಲ ಸಲ! ಊರು ದಾಟುವುದರೊಳಗೆ ಅವರ ಹಣೆಯಲ್ಲಿ ಬೆವರು. ಒಂದು ಸಣ್ಣ ಕೊರಕಲು ಸಿಕ್ಕರೂ ಗಾಡಿ ಪಕ್ಕಕ್ಕೆ ಓಡುತ್ತದೆ. ಎಳೆದು ತಂದರೆ ಆ ಕಡೆ ಓಡುತ್ತದೆ.

“ಹತೋಟಿಗೇ ಸಿಗವಲ್ದು” ಎಂದರು, ತಮಗೆ ತಾವೇ.

ಇಳಿದು ನೋಡಿದೆವು. ಒಳಮಗ್ಗುಲಲ್ಲಿ ಸುಣ್ಣದ ಗುರುತೇ ಇಲ್ಲ. ಹೊರಮಗ್ಗುಲು ಬಿಳಿ. ಎರಡರಲ್ಲೂ.

ಅಪ್ಪ ಬೆರಳಿನಿಂದ ಸುಣ್ಣ ಕೆರೆದು ನೋಡಿದರು.

೨೧ ಡಿಸೆಂಬರ್

ಮಾಳಿಂಗಪ್ಪ ರಾಡು ನೇರ ಮಾಡಿದ. ನೇರ ಮಾಡಿದರೆ ಹೊಟ್ಟೆಗೆ ತಾಗುತ್ತದೆ. ತಾಗಬಾರದೆಂದರೆ ಪಟ್ಟಿ ಮತ್ತೆ ಹಾಕಬೇಕು. ಹಾಕಿದರೆ ಅಗಸಿ ಹಿಡಿಯುವುದಿಲ್ಲ.

“ಈಗ ಏನ್ ಮಾಡೂಣ್ರಿ ಸಾಹುಕಾರ?”

ಅಪ್ಪ ಚೌಕಟ್ಟನ್ನು ನೋಡಿದರು, ಗಾಡಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

“ಪಟ್ಟಿ ಹಾಕು. ಗಾಡಿ ಹೊರಗ ನಿಲ್ಲಲಿ.”

ಮತ್ತೆ ಸುಣ್ಣ ಬಳಿದು ಅದೇ ದಾರಿಯಲ್ಲಿ ಓಡಿಸಿದೆವು. ಮಗ್ಗುಲಿಂದ ಮಗ್ಗುಲಿಗೆ ಒಂದೇ ಸಮ ಅಳಿಸಿತ್ತು. ಅಪ್ಪ ನೇರ ರಸ್ತೆಯಲ್ಲಿ ಒಂದು ಗಳಿಗೆ ಸ್ಟೇರಿಂಗ್‌ನಿಂದ ಕೈ ತೆಗೆದರು. ಗಾಡಿ ಅಲ್ಲಾಡಲಿಲ್ಲ.

ಇಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

೬ ಜನವರಿ ೧೯೪೮, ಮಂಗಳವಾರ

ಮತ್ತೆ ನೌಕರಿಗೆ ಬಾ ಎಂದು ಅಪ್ಪ ಚಾಚಾನಿಗೆ ಮಾಳಿಂಗಪ್ಪನ ಕೈಲಿ ಹೇಳಿ ಕಳಿಸಿದ್ದರು. ಮಾಳಿಂಗಪ್ಪ ಅಫಜಲಪುರದಿಂದ ಇವತ್ತು ಬಂದ. ಚಾಚಾನ ಉತ್ತರ ತಂದಿದ್ದಾನೆ:

“ನೌಕರಿ ಮಾತು ಆಮ್ಯಾಲ. ನಾಲ್ಕು ಮಂದಿ ಮುಂದ ಕಳ್ಳ ಅಂದ್ರಿ. ಅಲ್ಲ ಅನ್ನೂದೂ ನಾಲ್ಕು ಮಂದಿ ಮುಂದೇ ಆಗ್ಲಿ.”

ಅಪ್ಪನ ಮುಖ ಕೆಂಪಾಯಿತು. “ಡ್ರೈವರ್ ನನಗ ಷರತ್ತು ಹಾಕ್ತಾನ?”

“ಖರೇ ಮಾತು ಹೇಳ್ಯಾನಪ್ಪಾ” ಎಂದೆ. ನನ್ನ ಧ್ವನಿ ಅಷ್ಟು ಗಟ್ಟಿ ಇದೆಯೆಂದು ನನಗೇ ಗೊತ್ತಿರಲಿಲ್ಲ. “ಗಾಡಿ ಸರಿ ಮಾಡಿದ್ವಿ. ಮನಷ್ಯಾನ್ನ?”

೮ ಜನವರಿ, ಗುರುವಾರ ಸಂಜೆ

ಎರಡು ದಿನ ಯೋಚಿಸಿದರು. ಈಗ ನನ್ನನ್ನೂ ಮಾಳಿಂಗಪ್ಪನನ್ನೂ ಕರೆದರು. ಮಾಳಿಂಗಪ್ಪ ನಾಳೆ ಮತ್ತೆ ಹೋಗುತ್ತಾನೆ. ‘ಬಾ’ ಎನ್ನಬೇಡ, ‘ಬರಬೇಕು’ ಅನ್ನು ಎಂದು ಅವನಿಗೆ ಅಪ್ಪನೇ ಹೇಳಿಕೊಟ್ಟರು. ನನ್ನ ಅಪ್ಪ!

ನನ್ನನ್ನೂ ಬಾ ಎಂದಿದ್ದಾರೆ.

ರವಿವಾರ, ಮುಂಜಾನೆ ಹತ್ತು ಗಂಟೆ, ಪೇಟೆಯಲ್ಲಿ, ಬಟ್ಟೆ ಅಂಗಡಿ ಎದುರು, ನಾಲ್ಕು ಜನ ಕೇಳುವ ಹಾಗೆ.